ದಾರಿಯುದ್ದಕ್ಕೂ ಬೀಗ

ಜನವರಿ 11

ಸಣ್ಣೀ,

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅಂತೀಯ. ನಮಗಿರುವುದು ಲಾಂಡ್ರಿಯ ಫೋನು. ಅದರ ಮುಂದೆ ನಾನು ಸೀನಿದರೂ ಇಸ್ತ್ರಿಯವನು ಏನಾಯ್ತಜ್ಜೀ ಅಂತ ಕೇಳುತ್ತಾನೆ. ಅದಕ್ಕೇ ಮೂರನೇ ಕ್ಲಾಸಿಗೆ ನಿಂತುಹೋದ ಅಕ್ಷರದಲ್ಲಿ ಗೀಚುತ್ತಿದ್ದೇನೆ. ಬೇಕಾದರೆ ನಗು, ಆದರೆ ಪೂರ್ತಿ ಓದು.

ಮೊನ್ನೆ ಲಾಂಡ್ರಿಯಲ್ಲಿ ನಡೆದದ್ದು ಹೇಳುತ್ತೇನೆ, ಕೇಳು. ನೀನು ಊರು ಬಿಟ್ಟಮೇಲೆ ಸೇರಿದ ಹೆಂಗಸೊಬ್ಬಳಿದ್ದಾಳೆ, ಮನೆಮನೆಗೆ ಬಟ್ಟೆ ಮುಟ್ಟಿಸುವವಳು. ಸುತ್ತಾಟದ ಕೆಲಸವೆಂದು ಲಾಂಡ್ರಿಯ ಫೋನನ್ನು ಅವಳ ಕೈಗೆ ಕೊಟ್ಟು ಕಳಿಸುತ್ತಾರೆ. ಬಹಳ ದಿನದಿಂದ ಕೆಮ್ಮುತ್ತಿದ್ದಳು. ಒಂದು ದಿನ ಬಟ್ಟೆ ಕೊಟ್ಟು ಬರುವಾಗ ಯಾರಿಗೂ ಹೇಳದೆ ಎದೆ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬಂದಳು. ಅಲ್ಲಿ ಮೇಜಿನ ಹಿಂದೆ ಕೂತವನು ಫೋನಿದೆಯಾ ಅಂದನಂತೆ. ಇವಳು ಕೊಟ್ಟಳು. ಅವನೇ ಅದರಲ್ಲಿ ಆಸ್ಪತ್ರೆಯ ಪುಟ ತೆರೆದ, ಅವಳ ಹೆಸರು ಒತ್ತಿದ, ಏನೋ ಚೌಕ ಬಂದು ಅನುಮತಿ ಕೇಳಿದ್ದಕ್ಕೆ ಅವನೇ ಹೂಂ ಅಂತಲೂ ಒತ್ತಿದ. ಇವಳು ಬಾಗಿಲಾಚೆ ಬಂದು ಆ ಪುಟ ಮುಚ್ಚಿದಳು. ಮುಚ್ಚಿದರೆ ಮುಗಿಯಿತು ಅಂದುಕೊಂಡಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ನಮ್ಮ ಯಜಮಾನ ಗಂಜಿಯಪ್ಪನ ರೂಢಿ ನಿನಗೆ ಗೊತ್ತು. ಫೋನು ಕಿಂಯ್ ಅಂದರೆ ಸಾಕು, ಎತ್ತಿ, ಯಂತ್ರದ ಸದ್ದಿನ ಮೇಲೆ ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿ ಓದುತ್ತಾನೆ. ಲಾಡ್ಜಿನ ಹೊದಿಕೆ ಆರು, ದಿಂಬಿನ ಚೀಲ ಹತ್ತು, ಗಂಜಿ ಬೇಡ. ಅದೇ ರಾಗದಲ್ಲಿ ಮೊನ್ನೆ ಅವಳ ಹೆಸರು ಓದಿದ. ಕಫ ಪರೀಕ್ಷೆ, ಕ್ಷಯ ಖಚಿತ, ನಾಳೆಯೇ ಬನ್ನಿ, ಅಂತ ಓದಿದ. ಬಾಯಿ ಮುಚ್ಚಿದ ಮೇಲೆ ಅವನಿಗೆ ತಾನು ಏನು ಓದಿದೆ ಅಂತ ಹೊಳೆದದ್ದು. ನಾನು ಗುಂಡಿ ಹೊಲಿಯುತ್ತ ಅಲ್ಲೇ ಕೂತಿದ್ದೆ. ಇಸ್ತ್ರಿಯವನು ಒಂದು ಮಾತೂ ಆಡದೆ ಎದ್ದು, ಅವಳ ಚೀಲದ ಪಕ್ಕದ ಮೊಳೆಯಲ್ಲಿದ್ದ ತನ್ನ ಅಂಗಿಯನ್ನು ತೆಗೆದು ಆಚೆ ಗೋಡೆಗೆ ಸಿಕ್ಕಿಸಿದ. ಮಾತಾಡಿದ್ದರೆ ಬೈದಾದರೂ ಬಿಡುತ್ತಿದ್ದೆ.

ಗಂಜಿಯಪ್ಪ ಅವಳಿಗೆ ಹೇಳಿದ್ದು ಇಷ್ಟೇ: "ಲಾಡ್ಜಿನೋರಿಗೆ ಗೊತ್ತಾದ್ರೆ ಒಂದು ಬಟ್ಟೆನೂ ಕೊಡಲ್ಲ ಕಣಮ್ಮ. ನೀನು ನಾಳೆಯಿಂದ ಬರಬೇಡ."

ನಿನಗೂ ಇದೇ ಫೋನು, ಸುದ್ದಿ, ಸುಡುಗಾಡು ಕೆಲಸವಲ್ಲವಾ. ಹೇಳು, ಆಸ್ಪತ್ರೆಯವರು ಒಬ್ಬಳ ರೋಗವನ್ನು ಊರ ಮುಂದೆ ಕೂಗುವ ಹಾಗೆ ಮಾಡಿದ ಮಹಾನುಭಾವರು ಯಾರು?

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಕೆಲಸ ಜಾಸ್ತಿ, ಅದಕ್ಕೆ ಬರೆದಿಲ್ಲ.

ನಿನ್ನ ಅಜ್ಜಿ


ಜನವರಿ 19

ಪ್ರೀತಿಯ ಅಜ್ಜಿ,

ನಿನ್ನ ಬೈಗುಳ ಓದಿ ಬಹಳ ದಿನವಾಗಿತ್ತು. ಪಕ್ಕದಲ್ಲೇ ಕೂತು ಬೈದ ಹಾಗಿತ್ತು.

ಆ ಹೆಂಗಸಿಗೆ ಆದದ್ದು ಕೆಟ್ಟದ್ದೇ. ಆದರೆ ನೀನು ಅಂದುಕೊಂಡ ಹಾಗೆ ಇದನ್ನು ಯಾರೂ ಯೋಚಿಸದೆ ಮಾಡಿಲ್ಲ. ನಮ್ಮ ಕಂಪನಿ ಎಷ್ಟೋ ಆಸ್ಪತ್ರೆಗಳಿಗೆ ಈ ಕೆಲಸ ಮಾಡಿಕೊಡುತ್ತದೆ. ಮೊದಲು ಎಸ್ಸೆಮ್ಮೆಸ್ ಇತ್ತು. ಅದು ಲಕೋಟೆಯಿಲ್ಲದ ಕಾರ್ಡಿನ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಆಮೇಲೆ ಫೋನೇ ಘಳಿಗೆಗೊಮ್ಮೆ ಆಸ್ಪತ್ರೆಗೆ ಹೋಗಿ 'ಏನಾದರೂ ಬಂತಾ, ಏನಾದರೂ ಬಂತಾ' ಅಂತ ಕೇಳುವ ಹಾಗೆ ಮಾಡಿ ನೋಡಿದರು. ಕೇಳಿ ಕೇಳಿ ಬ್ಯಾಟರಿ ಸಾಯುತ್ತಿತ್ತು, ಸುದ್ದಿಯೂ ತಡವಾಗುತ್ತಿತ್ತು. ಈಗಿನದು ನೋಟಿಫಿಕೇಶನ್. ಆಸ್ಪತ್ರೆ ಸುದ್ದಿಗೆ ಬೀಗ ಹಾಕಿ ಕಳಿಸುತ್ತದೆ. ನಡುವೆ ಅಂಚೆಯವನ ಹಾಗೆ ಅದನ್ನು ಹೊತ್ತು ತರುವ ಕಂಪನಿಗೂ ಒಳಗೇನಿದೆ ಗೊತ್ತಾಗುವುದಿಲ್ಲ. ಕೀಲಿ ಇರುವುದು ಆ ಫೋನಿಗೆ ಮಾತ್ರ. ಇದಕ್ಕಿಂತ ಭದ್ರವಾದದ್ದು ಸದ್ಯಕ್ಕೆ ಇಲ್ಲ ಅಜ್ಜಿ.

ಫೋನಿನ ಗಾಜಿನ ಮೇಲೆ ಇಡೀ ಮಾತು ಯಾಕೆ ತೋರಿಸಬೇಕು ಅಂತ ಕೇಳುತ್ತೀಯ. 'ನಿಮಗೊಂದು ಸುದ್ದಿ ಇದೆ, ಒಳಗೆ ಬಂದು ಓದಿ' ಅಂತಷ್ಟೇ ಕಳಿಸಿ ನೋಡಿದೆವು. ಬಹಳ ಜನ ಜಾಹೀರಾತು ಅಂದುಕೊಂಡು ಒರೆಸಿ ಹಾಕಿದರು. ಕ್ಷಯ ಅಂತ ಗೊತ್ತಾಗದೆ ಊರೆಲ್ಲ ಕೆಮ್ಮಿಕೊಂಡು ಓಡಾಡಿದರು. ಪೂರ್ತಿ ಬರೆದು ಕಳಿಸಿದಮೇಲೆ ಆಸ್ಪತ್ರೆಗೆ ಬರುವವರು ಹೆಚ್ಚಾದರು. ಒಬ್ಬರ ಮರ್ಯಾದೆ ಒಂದು ಕಡೆ, ನೂರು ಜನರ ಜೀವ ಇನ್ನೊಂದು ಕಡೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಲೇಬೇಕಿತ್ತು.

ತಪ್ಪು ಅವಳದೂ ಇದೆ. ಹಂಚಿಕೊಂಡ ಫೋನು ಕೊಡಬಾರದಿತ್ತು. ಸ್ವಂತದ್ದೊಂದು ಇಟ್ಟುಕೊಳ್ಳಲು ಹೇಳು.

ಅಮ್ಮನಿಗೆ ಎರಡು ಸಾಲು ಬರೆಯಲು ಹೇಳು. ಕೆಲಸ ಎಷ್ಟಿದ್ದರೂ ಎರಡು ಸಾಲಿಗೆ ಪುರುಸೊತ್ತು ಇರಲ್ವಾ?

ನಿನ್ನ ಸಣ್ಣಿ


ಜನವರಿ 26

ಸಣ್ಣೀ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಅರ್ಥವಾಗಲಿಲ್ಲ, ಎರಡನೇ ಸಲ ಅರ್ಥವಾಗಿ ಅಸಹ್ಯವಾಯಿತು.

'ಕಳಿಸಿ ನೋಡಿದೆವು' ಅಂತ ಬರೆದಿದ್ದೀಯ. ಯಾರು ನೋಡಿದಿರಿ? ನೀನೂ ಆ ಕೋಣೆಯಲ್ಲಿ ಕೂತಿದ್ದೆ ಅಂತಾಯಿತು. ದಾರಿಯುದ್ದಕ್ಕೂ ಬೀಗ ಹಾಕಿಕೊಂಡು ತರುತ್ತೀರಿ, ಅಂಚೆಯವನಿಗೂ ಕಾಣದ ಹಾಗೆ. ಮನೆ ಬಾಗಿಲಿಗೆ ಬಂದಮೇಲೆ ಬೀಗ ತೆಗೆದು ಡಂಗುರ ಹೊಡೆಯುತ್ತೀರಿ. ಇದಕ್ಕೆ ಭದ್ರ ಅಂತ ಹೆಸರು. ಕಳ್ಳನಿಗೆ ಹೆದರಿದ್ದೀರೇ ಹೊರತು ಪಕ್ಕದ ಮೊಳೆಯವನು ನಿಮ್ಮ ಕಣ್ಣಿಗೇ ಬೀಳಲಿಲ್ಲ. ಅಂಚೆ ಕಂಪನಿಗೆ ಗೊತ್ತಾದರೆ ಅವಳಿಗೇನಾಗುತ್ತಿತ್ತು? ಅವರು ಅಂಗಿ ತೆಗೆದು ಆಚೆ ಸಿಕ್ಕಿಸುತ್ತಿದ್ದರಾ?

ನೂರು ಜನರ ಜೀವ ಅಂತೆ. ಇದೂ ಕೇಳು. ಅವಳು ಈಗ ಆಸ್ಪತ್ರೆಗೆ ಹೋಗುತ್ತಿಲ್ಲ. ಒಂದು ಸಲ ಹೋಗಿ ಎರಡು ತಿಂಗಳ ಮಾತ್ರೆ ತಂದಳು, ನುಂಗುತ್ತಿದ್ದಾಳೆ. ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ ಅಂತ ಹಟ ಹಿಡಿದಿದ್ದಾಳೆ. ನಿಮ್ಮ ನೂರರಲ್ಲಿ ಅವಳನ್ನು ಸೇರಿಸಿದ್ದೀರೋ, ಕಳೆದಿದ್ದೀರೋ?

ಸ್ವಂತ ಫೋನು ಇಟ್ಟುಕೊಳ್ಳಲಿ ಅಂದೆ. ಹಾಗೆಯೇ ಸ್ವಂತ ಶ್ವಾಸಕೋಶ ಇನ್ನೊಂದು ಜೊತೆ ಇಟ್ಟುಕೊಳ್ಳಲಿ ಅನ್ನಬೇಕಿತ್ತು.

ಇಷ್ಟರಮೇಲೆ ಆ ಫೋನು ಬಾಯಿ ಮುಚ್ಚಿಲ್ಲ. ಅವಳು ಬಿಟ್ಟು ಹೋದರೂ ಅವಳ ಹೆಸರು ಹಿಡಿದು ಕಿಂಯ್ ಅನ್ನುತ್ತದೆ. ನಿನ್ನೆ ಬಂದದ್ದು ಹಲ್ಲು ತಪಾಸಣೆಗೆ ರಿಯಾಯಿತಿ ಅಂತ. ಕ್ಷಯ ಹೇಳಿದ ಅದೇ ಕಿಂಯ್, ಅದೇ ಆಸ್ಪತ್ರೆ. ಗಂಜಿಯಪ್ಪ ಅದನ್ನೂ ಓದಿದ. ಇಸ್ತ್ರಿಯವನು ನಕ್ಕ. ಮೊದಲು ಅದನ್ನು ನಿಲ್ಲಿಸು. ಬೇರೆ ಏನೂ ಮಾಡಬೇಡ, ಅದರ ಬಾಯಿ ಮುಚ್ಚಿಸು ಸಾಕು. ನಮ್ಮ ಊರಿನ ಎದೆ ಆಸ್ಪತ್ರೆ, ಲಾಂಡ್ರಿಯ ಫೋನು. ಹೆಸರು ನಾನು ಹೇಳುವುದಿಲ್ಲ.

ಅಜ್ಜಿ


ಫೆಬ್ರವರಿ 3

ಅಜ್ಜಿ,

ಯಾಕೆ ಮುಚ್ಚಿಟ್ಟೆ?

ನೀನು ಹೆಸರು ಹೇಳಲಿಲ್ಲ ಅಂತ ನಾನೇ ಹುಡುಕಿದೆ. ಕಳಿಸಿದ ಪ್ರತಿ ಸುದ್ದಿಯ ದಾಖಲೆ, ಬೀಗ ಹಾಕುವ ಮೊದಲಿನದು, ನಮ್ಮ ಸರ್ವರ್‌ನಲ್ಲಿ ಉಳಿಯುತ್ತದೆ. ಊರು ಹಾಕಿದೆ, ಆಸ್ಪತ್ರೆ ಹಾಕಿದೆ, ಜನವರಿಯ ಆ ವಾರ ಹಾಕಿದೆ. ಅಮ್ಮನ ಹೆಸರು ಬಂತು. ಮೇಜಿನ ಮೇಲೆ ಊಟದ ಡಬ್ಬಿ ತೆರೆದಿತ್ತು, ಹಾಗೇ ಮುಚ್ಚಿದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ನೀನು ಹೇಗೂ ಕೇಳುತ್ತೀಯ. ಇಡೀ ಮಾತು ಗಾಜಿನ ಮೇಲೆ ಬರಲಿ ಅಂತ ವಾದ ಮಾಡಿದವಳು ನಾನು. ಕ್ಷಯ ಖಚಿತ, ನಾಳೆಯೇ ಬನ್ನಿ ಅನ್ನುವ ಮಾತು ಬರೆದವಳೂ ನಾನೇ. ಚಿಕ್ಕದಾಗಿ, ಸ್ಪಷ್ಟವಾಗಿ ಇದೆ ಅಂತ ಎಲ್ಲರೂ ಮೆಚ್ಚಿದ್ದರು.

ಲಾಂಡ್ರಿಯ ಫೋನಿಗೂ ಆಸ್ಪತ್ರೆಗೂ ಇದ್ದ ಕೊಂಡಿ ನಾನೇ ಕಿತ್ತು ಹಾಕಿದ್ದೇನೆ. ಇನ್ನು ಅದು ಅಮ್ಮನ ಹೆಸರು ಎತ್ತುವುದಿಲ್ಲ. ಅಮ್ಮನ ಮೊದಲ ವರದಿ ಓದಿದೆ. ರೋಗ ಹೆಚ್ಚು ಹಬ್ಬಿಲ್ಲ. ಮಾತ್ರೆ ಬಿಡದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಅಂತ ಅವಳಿಗೆ ಹೇಳು. ನಾನೆಲ್ಲ ನೋಡಿದ್ದೇನೆ, ಹೆದರಬೇಕಿಲ್ಲ ಅಂತ ಹೇಳು.

ಸಣ್ಣಿ


ಫೆಬ್ರವರಿ 10

ಸಣ್ಣೀ,

ನಿನ್ನ ಕಾಗದವನ್ನು ನಾನು ಅವಳಿಗೆ ಓದಿ ಹೇಳಿದೆ. ಓದಬಾರದಿತ್ತು. ಧೈರ್ಯ ಬರಲಿ ಅಂತ ಓದಿದೆ.

ಗಂಜಿಯಪ್ಪ ಕೂಗಿದ ದಿನವೂ ನಿನ್ನ ಅಮ್ಮ ಅತ್ತಿರಲಿಲ್ಲ. ಸೀದಾ ಮನೆಗೆ ಬಂದು, ಚಪ್ಪಲಿ ಬಿಟ್ಟು, ಮುಖ ತೊಳೆದು, ಸಣ್ಣಿಗೆ ಮಾತ್ರ ಹೇಳಬೇಡಿ ಅಂದಿದ್ದಳು. ಅವಳಿಗೆ ಹೆಚ್ಚು ಭಯ ರೋಗದ್ದಲ್ಲ. ಮಗಳು ಕೆಲಸ ಬಿಟ್ಟು ಓಡಿ ಬರುತ್ತಾಳೆ ಅಂತ. ತನಗೆ ಮನಸ್ಸು ಗಟ್ಟಿಯಾದಾಗ ತಾನೇ ಹೇಳಬೇಕು ಅಂತ ಇಟ್ಟುಕೊಂಡಿದ್ದಳು. ಅದಕ್ಕೇ ನಾನು ಇನ್ನೊಬ್ಬ ಹೆಂಗಸು ಅಂತ ಸುಳ್ಳು ಬರೆದದ್ದು. ಈಗ ನಿನ್ನ ಕಾಗದ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದಳು. ಕೆಮ್ಮು ಅಂದುಕೊಂಡೆ. ಕೆಮ್ಮಲ್ಲ.

ಆಮೇಲೆ ಒಂದೇ ಮಾತು ಆಡಿದಳು. "ಅವರು ಗೊತ್ತಿಲ್ದೆ ಓದಿದ್ರು ಅತ್ತೆ. ಇವಳು ಹುಡುಕಿಕೊಂಡು ಹೋಗಿ ಓದಿದ್ಲು."

ಅವಳು ನಿನಗೆ ಬರೆಯುವುದಿಲ್ಲವಂತೆ. ಕೋಪ ಅಂತ ತಿಳಿಯಬೇಡ. ಕೋಪವಾಗಿದ್ದರೆ ನಾನು ಇಳಿಸುತ್ತಿದ್ದೆ. ಎದುರು ಬಂದರೆ ಮುಖ ಎಲ್ಲಿಡಲಿ ಅನ್ನುತ್ತಾಳೆ, ಹೆತ್ತ ಮಗಳ ಎದುರು.

ನಿಮ್ಮ ಬೀಗ ಇದ್ದದ್ದು ಯಾರಿಗೆ? ಅಂಚೆಯವನಿಗೆ ಕಾಣಬಾರದು, ನಿನಗೆ ಕಾಣಬಹುದು. ನಿನ್ನ ಪಕ್ಕದ ಕುರ್ಚಿಯವನಿಗೂ ಕಾಣುತ್ತದಾ? ಊರು ಹಾಕಿ, ವಾರ ಹಾಕಿ, ಯಾರ ಎದೆಯಲ್ಲಿ ಏನಿದೆ ಅಂತ ಊಟದ ಹೊತ್ತಿನಲ್ಲಿ ನೋಡಬಹುದಾ? ಥೂ. ನೀನು ಒಳ್ಳೆಯದಕ್ಕೆ ನೋಡಿದೆ, ಗೊತ್ತು. ಅದೇ ಇನ್ನೂ ವಾಕರಿಕೆ. ಕೆಟ್ಟದ್ದಕ್ಕೆ ನೋಡಿದ್ದರೆ ನಿನ್ನನ್ನು ಬೈದು ಮುಗಿಸಬಹುದಿತ್ತು.

ಸದ್ಯಕ್ಕೆ ಬರೆಯಬೇಡ.

ಅಜ್ಜಿ


ಮಾರ್ಚ್ 14

ಸಣ್ಣೀ,

ಬರೆಯಬೇಡ ಅಂದವಳು ನಾನೇ, ಈಗ ಬರೆಯುವವಳೂ ನಾನೇ.

ನಿನ್ನೆ ಎದೆ ಆಸ್ಪತ್ರೆಯಿಂದ ನರ್ಸಮ್ಮ ಮನೆ ಹುಡುಕಿಕೊಂಡು ಬಂದಳು. ಬೆವರಿಳಿಸಿಕೊಂಡು ಬಾಗಿಲಲ್ಲೇ ಬೈದಳು. ಅವರು ಫೆಬ್ರವರಿಯಿಂದ ಸುದ್ದಿಯ ಮೇಲೆ ಸುದ್ದಿ ಕಳಿಸುತ್ತಿದ್ದಾರಂತೆ. ಕಫವನ್ನು ದೊಡ್ಡ ಪರೀಕ್ಷೆಗೆ ಕಳಿಸಿದ್ದರಂತೆ. ನಿನ್ನ ಅಮ್ಮ ನುಂಗುತ್ತಿರುವ ಮಾತ್ರೆಗಳಲ್ಲಿ ಒಂದು ಈ ರೋಗಕ್ಕೆ ನಾಟುವುದೇ ಇಲ್ಲವಂತೆ. ಬೇಗ ಬಂದು ಬದಲಾಯಿಸಿಕೊಳ್ಳಿ ಅಂತ ಕಳಿಸಿದ್ದೇ ಕಳಿಸಿದ್ದು. ಅಲ್ಲಿ ಪರದೆಯಲ್ಲಿ 'ಕಳಿಸಲಾಗಿದೆ' ಅಂತ ತೋರಿಸುತ್ತಿತ್ತಂತೆ. ಎಲ್ಲಿಗೆ ಕಳಿಸಲಾಗಿದೆ? ನೀನು ಕಿತ್ತು ಹಾಕಿದ ಕೊಂಡಿಗೆ. ಗೋಡೆಗೆ ಬಿದ್ದು ಉದುರಿದ ಸುದ್ದಿಯನ್ನು ಯಾರೂ ಹೆಕ್ಕಲಿಲ್ಲ, ಬಿತ್ತು ಅಂತ ಯಾರಿಗೂ ಹೇಳಲೂ ಇಲ್ಲ.

ಬಾಯಿ ಮುಚ್ಚಿಸು ಅಂದವಳು ನಾನು, ಒಪ್ಪುತ್ತೇನೆ. ನಾನು ಗುಂಡಿ ಹೊಲಿಯುವವಳು, ನನಗೆ ಕಿಂಯ್ ಮಾತ್ರ ಗೊತ್ತು. ಆ ಬಾಯಿಂದ ಬದುಕುವ ಮಾತೂ ಬರಬಹುದು ಅಂತ ನಿನಗೆ ಗೊತ್ತಿರಬೇಕಿತ್ತು. ಕೂಗಿದರೆ ಕೆಲಸ ಹೋಗುತ್ತದೆ, ಸುಮ್ಮನಾದರೆ ಜೀವ ಹೋಗುತ್ತದೆ. ಇದರ ನಡುವೆ ಪಿಸುಮಾತು ಅನ್ನುವುದೊಂದು ಇದೆಯಲ್ಲ, ಅದು ನಿಮ್ಮ ಅಷ್ಟು ದೊಡ್ಡ ಆಫೀಸಿನಲ್ಲಿ ಯಾರಿಗೂ ಬರಲ್ವಾ?

ನಿನ್ನ ಅಮ್ಮ ಬಡವಾಗಿದ್ದಾಳೆ. ಬೆನ್ನು ಮುಟ್ಟಿದರೆ ಮೂಳೆ ಕೈಗೆ ಸಿಗುತ್ತದೆ. ಹೊಸ ಮಾತ್ರೆ ಶುರುವಾಗಿದೆ. ನರ್ಸಮ್ಮ ಕೈ ಹಿಡಿದು ಕರೆದುಕೊಂಡು ಹೋದಳು, ಮೆಟ್ಟಿಲು ಹತ್ತಿದಳು.

ಓಡಿ ಬರಬೇಡ. ಬಂದರೆ ಅವಳು ಹೆದರಿದ್ದೇ ನಿಜವಾಗುತ್ತದೆ. ಕೈಯಲ್ಲಿ ಆಗುವುದೇನಾದರೂ ಇದ್ದರೆ ಅಲ್ಲೇ ಮಾಡು.

ಅಜ್ಜಿ


ಏಪ್ರಿಲ್ 12

ಅಜ್ಜಿ,

ಕೊಂಡಿ ಕಿತ್ತರೆ ಸರ್ವರ್‌ಗೆ 'ಈ ವಿಳಾಸ ಈಗಿಲ್ಲ' ಅಂತ ಉತ್ತರ ಬರುತ್ತದೆ. ಅದು ಬರುತ್ತಲೇ ಇತ್ತು. ಅದನ್ನು ಆಸ್ಪತ್ರೆಗೆ ತಿಳಿಸಬೇಕು ಅಂತ ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ಕಿತ್ತ ಕೈ ನನ್ನದು. ಅಮ್ಮನ ಬೆನ್ನಿನ ಮೂಳೆ ಅಂತ ನೀನು ಬರೆದದ್ದು ಓದಿದಮೇಲೆ ಒಂದು ವಾರ ನನಗೆ ಯಾರ ಮುಖವೂ ನೋಡುವ ಮನಸ್ಸಿರಲಿಲ್ಲ.

ನಂತರ ಮೀಟಿಂಗ್ ಕರೆದೆ. ಹೇಳಬೇಕಾದದ್ದು ಹೇಳಿದೆ. ಆಸ್ಪತ್ರೆಯ ಮೇಜಿನಲ್ಲೇ ಮೊದಲು ಕೇಳಬೇಕು, ಈ ಫೋನು ನಿಮ್ಮೊಬ್ಬರದೇನಾ ಅಂತ. ಅನುಮತಿಯ ಚೌಕವನ್ನು ರೋಗಿಯೇ ಒತ್ತಬೇಕು. ಅವರು ತಮಗೆ ಮಾತ್ರ ಅರ್ಥವಾಗುವ ಗುರುತಿನ ಮಾತೊಂದನ್ನು ಆರಿಸಿಕೊಳ್ಳಲಿ, ಗಾಜಿನ ಮೇಲೆ ಅದಷ್ಟೇ ಬರಲಿ. ಸುದ್ದಿ ತೆರೆಯದೆ ಹೋದರೆ, ವಿಳಾಸ ಸತ್ತಿದ್ದರೆ, ಸರ್ವರೇ ನರ್ಸಿಗೆ ಹೇಳಲಿ. ಜಾಹೀರಾತು ಆ ದಾರಿಯಲ್ಲಿ ಬರಲೇಬಾರದು. ನಮ್ಮ ದಾಖಲೆಯಲ್ಲಿ ಹೆಸರಿರಬಾರದು, ರೋಗವಂತೂ ಇರಲೇಬಾರದು. ನನ್ನ ಅಮ್ಮ ಅಂತ ಹೇಳಲಿಲ್ಲ. ಹೇಳಿದ್ದರೆ ಬೇಗ ಗೆಲ್ಲುತ್ತಿದ್ದೆನೇನೋ. ಆದರೆ ಅದು ಅವಳ ಸುದ್ದಿ.

ನಮ್ಮ ಆಫೀಸಿನ ದೊಡ್ಡವನು ಹೇಳಿದ್ದು: "ಮರ್ಯಾದೆಗೆ ಅಂಕಿ ಇಲ್ಲಮ್ಮ. ತೆರೆಯುವವರು ಕಡಿಮೆಯಾದ್ರೆ ಆಸ್ಪತ್ರೆಯವರು ನಮ್ಮನ್ನ ಬಿಡ್ತಾರೆ."

ಅರ್ಧ ಒಪ್ಪಿದರು. ದಾಖಲೆಯಿಂದ ಹೆಸರು, ರೋಗ ಎರಡೂ ಹೋದವು. ಸತ್ತ ವಿಳಾಸದ ಮಾತು ನರ್ಸಿಗೆ ಮುಟ್ಟುತ್ತದೆ. ಸ್ವಂತ ಮಾತಿನ ಆಯ್ಕೆಯನ್ನೂ ಇಟ್ಟರು, ಆದರೆ ಎಲ್ಲಿ? ಪುಟದ ಕೊನೆಯಲ್ಲಿ, 'ಇತರೆ' ಅನ್ನುವುದರ ಕೆಳಗೆ, ಕಣ್ಣಿಗೆ ಬೀಳದ ಬಣ್ಣದಲ್ಲಿ. ಯಾರೂ ಮುಟ್ಟದಿದ್ದರೆ ಮೊದಲಿನ ಹಾಗೆಯೇ ಪೂರ್ತಿ ಕೂಗುತ್ತದೆ. ಜಾಹೀರಾತು ಹಾಗೆಯೇ ಇದೆ, ಅದರಿಂದ ಬರುವ ದುಡ್ಡು ಬಿಡುವುದಿಲ್ಲವಂತೆ. ಮೀಟಿಂಗ್ ಮುಗಿಸಿ ಎಲ್ಲರೂ ಕೈ ಕುಲುಕಿದರು. ಬಚ್ಚಲಿಗೆ ಹೋಗಿ ಎರಡು ಸಲ ಕೈ ತೊಳೆದುಕೊಂಡೆ.

ನನ್ನ ಹಳೆಯ ಫೋನು ಕಳಿಸುತ್ತಿದ್ದೇನೆ. ನನ್ನದೆಲ್ಲ ಅಳಿಸಿದ್ದೇನೆ. ಅದು ಅಮ್ಮನದು, ಅವಳೊಬ್ಬಳದೇ. ಆಸ್ಪತ್ರೆಯಲ್ಲಿ ಕೊನೆಗೆ 'ಇತರೆ' ಒತ್ತಲು ಹೇಳು. ಇಷ್ಟು ದೊಡ್ಡ ಕಂಪನಿಯಿಂದ ನಾನು ಗೆದ್ದು ತಂದದ್ದು ಈ ಒಂದು ಮಾತು.

ಸಣ್ಣಿ


ಮೇ 30

ಸಣ್ಣೀ,

ಫೋನು ಬಂದು ಬಹಳ ದಿನ ಪೆಟ್ಟಿಗೆಯಲ್ಲೇ ಇತ್ತು. ನಿನ್ನ ಅಮ್ಮ ಮುಟ್ಟಲಿಲ್ಲ. ನಾನು ಮುಟ್ಟಿಸಲಿಲ್ಲ. ಒಂದು ದಿನ ಅವಳೇ ತೆಗೆದು, ಗಾಜು ಒರೆಸಿ, ನಡೀರಿ ಅತ್ತೆ ಆಸ್ಪತ್ರೆಗೆ ಅಂದಳು.

ಮೇಜಿನ ಹಿಂದೆ ಅದೇ ಮನುಷ್ಯ. ಫೋನಿಗೆ ಕೈ ಚಾಚಿದ. ನಿನ್ನ ಅಮ್ಮ ಅಂಗೈಯನ್ನು ಗಾಜಿನ ಮೇಲಿಟ್ಟು, ನೀವು ಹೇಳಿ, ನಾನು ಒತ್ತುತ್ತೇನೆ ಅಂದಳು. 'ಇತರೆ' ಎಲ್ಲಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಹಿಂದೆ ಸಾಲು ಬೆಳೆಯಿತು, ಯಾರೋ ಗೊಣಗಿದರು, ಗೊಣಗಿದವರನ್ನು ನಾನು ನೋಡಿಕೊಂಡೆ. ಕೊನೆಗೂ ಸಿಕ್ಕಿತು. ತನ್ನ ಮಾತನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಆತ ಬಗ್ಗಿ ಓದಿ, ಏನಮ್ಮ ಇದು, ಇದಕ್ಕೇನರ್ಥ ಅಂದ. "ನಿಮಗೆ ಅರ್ಥ ಆಗಬಾರದು ಅಂತಾನೇ ಹಾಕಿದ್ದು" ಅಂದಳು. ನನ್ನ ಸೊಸೆ ಕಣೇ, ಸಣ್ಣೀ. ಮದುವೆಯಾಗಿ ಬಂದಾಗಿನಿಂದ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

ಆ ಮಾತು ಯಾವುದು ಅಂತ ಬರೆಯುವುದಿಲ್ಲ.

ನಮ್ಮ ಹಿಂದೆ ನಿಂತಿದ್ದ ಮುದುಕನ ಫೋನನ್ನು ಮಾತ್ರ ಆ ಮನುಷ್ಯ ಕಸಿದುಕೊಂಡು ತಾನೇ ಟಕಟಕ ಒತ್ತಿದ. ಮುದುಕ ಕೈ ಕಟ್ಟಿಕೊಂಡು ನೋಡುತ್ತಿದ್ದ. 'ಇತರೆ' ಒತ್ತಿ ಅಂದೆ. ನಿಮ್ಮದು ಆಯಿತಲ್ಲಜ್ಜೀ, ನಡೀರಿ ಅಂದ. ಆ ಮುದುಕನ ಮನೆಯಲ್ಲಿ ಯಾರು ಓದುತ್ತಾರೋ, ಯಾರು ಯಾವ ಅಂಗಿ ಎಲ್ಲಿಗೆ ಸಿಕ್ಕಿಸುತ್ತಾರೋ. ನಿನ್ನ ದೊಡ್ಡವನಿಗೆ ಹೇಳು, ಬಚ್ಚಲಲ್ಲಿ ಎಷ್ಟು ಸಲ ತೊಳೆದರೂ ಇದು ಹೋಗುವುದಿಲ್ಲ ಅಂತ.

ಕಳೆದ ವಾರ ಕಫ ಮತ್ತೆ ಕೊಟ್ಟಿದ್ದಳು. ಮಂಗಳವಾರ ಇಬ್ಬರೂ ಒಲೆಯ ಹತ್ತಿರ ಕೂತಿದ್ದಾಗ ಫೋನು ಕಿಂಯ್ ಅಂದಿತು. ಗಾಜಿನ ಮೇಲೆ ಅವಳ ಮಾತು ಬಂತು, ನನಗೂ ಕಾಣಿಸಿತು. ಕಂಡರೆ ಏನು, ಒಳಗಿನದು ಗೊತ್ತಾಗಲಿಲ್ಲ. ಅವಳು ಕೈ ಒರೆಸಿಕೊಂಡು, ಫೋನು ಎತ್ತಿಕೊಂಡು, ಹಿಂದಿನ ಬಾಗಿಲಿನಿಂದ ಆಚೆ ಹೋದಳು. ಒಲೆಯ ಮೇಲಿದ್ದದ್ದು ತಳ ಹಿಡಿಯಿತು. ವಾಸನೆ ಬಂದರೂ ನಾನು ಕರೆಯಲಿಲ್ಲ. ಒಳಗೆ ಬಂದು ಪಾತ್ರೆ ಇಳಿಸಿ, ಹೇಳಬಾರದಿತ್ತಾ ಅತ್ತೆ ಅಂತ ನನ್ನನ್ನೇ ಬೈದಳು. ನಾನು ಏನು ಬಂತು ಅಂತ ಕೇಳಲಿಲ್ಲ. ನನ್ನ ನಾಲಿಗೆ ಎಂಥದು ಅಂತ ನಿನಗೆ ಗೊತ್ತು, ಅದನ್ನು ಹಲ್ಲಿನ ಹಿಂದೆ ಕೂಡಿಹಾಕಿಕೊಂಡು ಕೂತೆ. ಬುಧವಾರವೂ ಕೇಳಲಿಲ್ಲ.

ಗುರುವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಅವಳೇ ಹೇಳಿದಳು. ಅವಳ ಬಾಯಿಂದ, ಅವಳ ಹೊತ್ತಿಗೆ.

ಅದನ್ನೂ ನಾನು ಬರೆಯುವುದಿಲ್ಲ. ಸೋಮವಾರದಿಂದ ಕಿಟಕಿ ಪರದೆ ಹೊಲಿಯುವವರ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಇಷ್ಟು ಹೇಳಬಹುದು, ಬೀದಿಯಲ್ಲಿ ನಡೆದು ಹೋಗುವುದು ಹೇಗೂ ಎಲ್ಲರಿಗೂ ಕಾಣುತ್ತದೆ. ಗಂಜಿಯಪ್ಪನೂ ಬಾ ಅಂತ ಹೇಳಿ ಕಳಿಸಿದ್ದ. ಆ ಗೋಡೆಯಲ್ಲಿ ತನಗೆ ಮೊಳೆ ಬೇಡ ಅಂದಳು.

ದಾಖಲೆಯಿಂದ ಹೆಸರು ಅಳಿಸಿದ್ದೇವೆ ಅಂತ ಬರೆದಿದ್ದೀಯ. ಅಳಿಸಿರಬಹುದು. ಅಳಿಸದಿದ್ದರೂ ನೋಡಬೇಡ. ಭಾನುವಾರ ಅವಳ ಫೋನಿಗೆ ಫೋನು ಮಾಡು. ಎತ್ತುತ್ತಾಳೆ ಅಂತ ನಾನು ಮಾತು ಕೊಡಲಾರೆ. ಎತ್ತಿದರೆ ಊಟವಾಯಿತಾ ಅಂತ ಕೇಳು, ಕೇಳಿ ಸುಮ್ಮನಿರು. ಅವಳಿಗೆ ಹೇಳಬೇಕು ಅನ್ನಿಸಿದಾಗ ಹೇಳುತ್ತಾಳೆ. ಅಲ್ಲಿಯವರೆಗೆ ನಿನಗೆ ಏನೂ ಗೊತ್ತಿಲ್ಲ.

ಅಜ್ಜಿ